ಬೆನ್ನು ತೆರೆದ ಗೌನು, ಒಳಗೆ ಯಾವ ಬ್ರಾ?

ಪ್ರಶ್ನೆ: ಇನ್ನು ಒಂದೂವರೆ ತಿಂಗಳಿಗೆ ನಮ್ಮ ಆಫೀಸಿನ ದೊಡ್ಡ ಸಮಾರಂಭವಿದೆ. ಅದಕ್ಕೆಂದೇ ಉದ್ದನೆಯ ಸ್ಯಾಟಿನ್ ಗೌನು ತೆಗೆದುಕೊಂಡಿದ್ದೇನೆ. ಮುಂದೆ ಆಳವಾದ ವಿ ಕುತ್ತಿಗೆ, ಹಿಂದೆ ಬೆನ್ನು ಸೊಂಟದ ತನಕ ಖಾಲಿ, ಭುಜದ ಮೇಲೆ ದಾರದಷ್ಟು ತೆಳ್ಳಗಿನ ಪಟ್ಟಿ, ಎಡಗಡೆ ತೊಡೆಯ ತನಕ ಸೀಳು. ನನ್ನ ಬ್ರಾ ಅಳತೆ 36 ಡಿಡಿ. ಸ್ಟ್ರ್ಯಾಪ್‌ಲೆಸ್ ಬ್ರಾ ಹಾಕಿದರೆ ಹಿಂದಿನ ಪಟ್ಟಿ ಕಾಣುತ್ತದೆ. ಅಂಟಿಸಿಕೊಳ್ಳುವ ಸಿಲಿಕಾನ್ ಕಪ್ ತಂದೆ, ಅರ್ಧ ಗಂಟೆಗೇ ಜಾರಿತು. ಏನೂ ಹಾಕದೆ ಹೋಗುವಷ್ಟು ಧೈರ್ಯ ನನಗಿಲ್ಲ. ಗೌನು ವಾಪಸ್ ಮಾಡಿಬಿಡಲಾ?

ಉತ್ತರ: ಈಗಲೇ ವಾಪಸ್ ಮಾಡಬೇಡಿ. ಹಾಗೆಯೇ ಇನ್ನೊಂದು ಬ್ರಾ ಹುಡುಕಿಕೊಂಡು ಅಂಗಡಿಗೂ ಹೋಗಬೇಡಿ. ನಿಮ್ಮ ಅಳತೆ ಮತ್ತು ಈ ಗೌನು ಎರಡಕ್ಕೂ ಹೊಂದುವ ಸಿದ್ಧ ಬ್ರಾ ಸಿಗುವುದು ತೀರಾ ಕಷ್ಟ. ನಿಮಗೆ ಬೇಕಾಗಿರುವುದು ಒಬ್ಬ ಒಳ್ಳೆಯ ಟೈಲರ್. ಆಧಾರವನ್ನು ಮೈಮೇಲೆ ಹಾಕಿಕೊಳ್ಳುವ ಬದಲು ಗೌನಿನ ಒಳಗೇ ಹೊಲಿಸಬೇಕು. ಗೌನಿನ ಟ್ಯಾಗ್ ಮಾತ್ರ ಇನ್ನೂ ಕೀಳಬೇಡಿ. ವಾಪಸ್ ಮಾಡಲು ಕೊನೆಯ ದಿನ ಯಾವುದು ಅಂತ ಬಿಲ್ ನೋಡಿಕೊಳ್ಳಿ, ಅಷ್ಟರೊಳಗೆ ಟೈಲರ್ ಒಮ್ಮೆ ಗೌನು ನೋಡಲಿ.

ಯಾಕೆ ಹೀಗೆ ಹೇಳುತ್ತಿದ್ದೇನೆ ಅಂದರೆ, ಎದೆಯ ಭಾರ ಎಲ್ಲಾದರೂ ಒಂದು ಕಡೆ ಹೋಗಿ ನಿಲ್ಲಲೇಬೇಕು. ಬ್ರಾದಲ್ಲಿ ಅದನ್ನು ಹೊರುವುದು ಭುಜದ ಪಟ್ಟಿ ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ನಿಜವಾಗಿ ಹೆಚ್ಚಿನ ಕೆಲಸ ಮಾಡುವುದು ಎದೆಯ ಕೆಳಗೆ ಮೈಸುತ್ತ ಬಿಗಿಯಾಗಿ ಕೂರುವ ಬ್ಯಾಂಡ್. ಬ್ಯಾಂಡ್ ಪಕ್ಕೆಲುಬನ್ನು ಹಿಡಿದು ನಿಲ್ಲುತ್ತದೆ, ಅದರ ಆಸರೆಯಲ್ಲಿ ವೈರ್, ವೈರಿನ ಆಸರೆಯಲ್ಲಿ ಕಪ್. ಭುಜದ ಪಟ್ಟಿ ಕಪ್ಪಿನ ಮೇಲಂಚು ಬಗ್ಗದಂತೆ ನೋಡಿಕೊಳ್ಳುತ್ತದೆ, ಅಷ್ಟೆ. ಈಗ ನಿಮ್ಮ ಗೌನು ನೋಡಿ. ಬೆನ್ನು ಖಾಲಿ, ಹಾಗಾಗಿ ಬ್ಯಾಂಡಿನ ಹಿಂಭಾಗ ಹೋಯಿತು. ಮುಂದೆ ಆಳದ ವಿ, ಹಾಗಾಗಿ ಎರಡು ಕಪ್ಪುಗಳನ್ನು ನಡುವೆ ಕೂಡಿಸುವ ತುಂಡೂ ಹೋಯಿತು. ಉಳಿದದ್ದು ದಾರದಂಥ ಪಟ್ಟಿ. ಡಿಡಿ ಕಪ್ಪಿನ ಭಾರವನ್ನು ಅದೊಂದೇ ಹೊರಬೇಕು ಅಂದರೆ ಹೇಗೆ?

ಆದ್ದರಿಂದ ಇಂಥ ಉಡುಪು ಕೈಗೆ ಬಂದಾಗ ಎಲ್ಲಿ ತೆರೆದಿದೆ ಅಂತ ನೋಡುವುದಕ್ಕಿಂತ ಎಲ್ಲಿ ಮುಚ್ಚಿದೆ ಅಂತ ನೋಡಬೇಕು. ನಿಮ್ಮದರಲ್ಲಿ ಕಂಕುಳಿನಿಂದ ಸೊಂಟದ ತನಕ ಎರಡೂ ಪಕ್ಕ ಬಟ್ಟೆ ಇದೆ. ಎದೆಯ ಕೆಳಗಿನಿಂದ ಹೊಟ್ಟೆಯ ಭಾಗ ಇದೆ. ಸೊಂಟ ಇದೆ. ಭಾರವನ್ನು ಈ ಮೂರು ಕಡೆ ಹಂಚಬೇಕು.

ನಿಮ್ಮ ಸಿಲಿಕಾನ್ ಕಪ್ ಜಾರಿದ್ದಕ್ಕೂ ಇದೇ ಕಾರಣ. ಅದಕ್ಕೆ ಬ್ಯಾಂಡ್ ಇಲ್ಲ, ಅದು ಚರ್ಮಕ್ಕೆ ಮಾತ್ರ ಅಂಟಿರುತ್ತದೆ. ಎದೆ ಕೆಳಗೆ ಎಳೆಯುತ್ತದೆ, ಜೊತೆಗೆ ಸಿಲಿಕಾನಿನ ಸ್ವಂತ ತೂಕವೂ ಎಳೆಯುತ್ತದೆ. ಒಳಗೆ ಬೆವರು ಹೋಗಲು ದಾರಿಯಿಲ್ಲ. ಎ, ಬಿ ಕಪ್ಪಿನವರಿಗೆ ಇದು ಚೆನ್ನಾಗಿಯೇ ಕೆಲಸ ಮಾಡುತ್ತದೆ, ಸಿ ಕಪ್ಪಿನ ಕೆಲವರಿಗೂ ಆಗುತ್ತದೆ. ಅದಕ್ಕಿಂತ ದೊಡ್ಡ ಅಳತೆಯವರಿಗೆ ಎರಡನ್ನೂ ನಡುವೆ ಕೂಡಿಸಿ ಆಕಾರ ಕೊಡಬಹುದು, ಎತ್ತಿ ಹಿಡಿಯಲಾರದು. ಡಬ್ಬದ ಮೇಲಿನ ಚಿತ್ರ ನೋಡಿ ನಂಬಬೇಡಿ.

ಅಂದಹಾಗೆ ಈ ತಲೆನೋವು ಹೊಸದೇನೂ ಅಲ್ಲ. ಅಮೆರಿಕದ ಮೇರಿ ಫೆಲ್ಪ್ಸ್ ಜೇಕಬ್ ಎಂಬ ಯುವತಿ 1910ರ ಸುಮಾರಿಗೆ ಒಂದು ನೃತ್ಯಕೂಟಕ್ಕೆ ಹೊರಟಾಗ, ತೆಳು ಗೌನಿನ ಒಳಗಿಂದ ಕಾರ್ಸೆಟ್, ಅಂದರೆ ಮೈ ಬಿಗಿಯುವ ಗಟ್ಟಿ ಒಳಉಡುಪು, ಕಾಣುತ್ತಿತ್ತು. ಎರಡು ರೇಷ್ಮೆ ಕರವಸ್ತ್ರ ಮತ್ತು ಒಂದಿಷ್ಟು ರಿಬ್ಬನ್ ಸೇರಿಸಿ ಹೊಲಿಸಿಕೊಂಡು ಹೋದಳು. 1914ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಪೇಟೆಂಟಿನ ಹೆಸರೇ ‘ಬ್ಯಾಕ್‌ಲೆಸ್ ಬ್ರಾಸಿಯರ್’. ಅವತ್ತಿನಿಂದ ಇವತ್ತಿನವರೆಗೆ ಗೌನು ಮೊದಲು ಬರುತ್ತಿದೆ, ಒಳಉಡುಪು ಅದರ ಹಿಂದೆ ಓಡುತ್ತಿದೆ.

ಮೊದಲು ನಿಮ್ಮ ಅಳತೆ ಮತ್ತೊಮ್ಮೆ ತೆಗೆದುಕೊಳ್ಳಿ. ಹೊಲಿಸುವ ಕಪ್ಪಿಗೂ ಸರಿಯಾದ ಅಳತೆ ಬೇಕು, ಹಳೆಯ ಬ್ರಾದ ಮೇಲಿನ ನಂಬರ್ ಸಾಲದು. ಟೇಪನ್ನು ಎದೆಯ ಕೆಳಗೆ ಬಿಗಿಯಾಗಿ, ನೆಲಕ್ಕೆ ಸಮವಾಗಿ ಹಿಡಿದು ಒಂದು ಅಳತೆ. ಸೊಂಟದಿಂದ ಮುಂದಕ್ಕೆ ಬಗ್ಗಿ, ಎದೆಯ ತುಂಬು ಭಾಗದಲ್ಲಿ ಸಡಿಲವಾಗಿ ಹಿಡಿದು ಇನ್ನೊಂದು. ಇಂಚಿನಲ್ಲಿ ಎರಡರ ವ್ಯತ್ಯಾಸ ನೋಡಿ. ಒಂದು ಇಂಚಾದರೆ ಎ, ಎರಡಾದರೆ ಬಿ, ನಾಲ್ಕಾದರೆ ಡಿ, ಐದಾದರೆ ಡಿಡಿ. ಅಲ್ಲಿಂದ ಮುಂದೆ ದೇಶಕ್ಕೊಂದು ಲೆಕ್ಕ: ಬ್ರಿಟನ್ ಅಳತೆಯಲ್ಲಿ ಡಿಡಿ ಆದಮೇಲೆ ಇ, ಅಮೆರಿಕದ ಅಳತೆಯಲ್ಲಿ ಡಿಡಿಡಿ. ಇನ್ನೊಂದು ವಿಷಯ ಗೊತ್ತಿರಲಿ. ಬ್ಯಾಂಡ್ ಒಂದು ಅಳತೆ ಕಡಿಮೆ ಮಾಡಿ ಕಪ್ ಒಂದು ಅಕ್ಷರ ಜಾಸ್ತಿ ಮಾಡಿದರೆ ಕಪ್ಪಿನೊಳಗಿನ ಜಾಗ ಅಷ್ಟೇ ಇರುತ್ತದೆ. ಅಂದರೆ 36 ಡಿಡಿ, 38 ಡಿ ಎರಡರ ಕಪ್ಪೂ ಒಂದೇ. ಒಂದು ಸ್ತನ ಇನ್ನೊಂದಕ್ಕಿಂತ ದೊಡ್ಡದಿದ್ದರೆ ದೊಡ್ಡದಕ್ಕೆ ಕಪ್ ತೆಗೆದುಕೊಳ್ಳಿ, ಚಿಕ್ಕದರ ಕಡೆ ತೆಳು ಪ್ಯಾಡ್ ಇಡಬಹುದು. ಹೆಚ್ಚಿನವರಿಗೆ ಸ್ವಲ್ಪ ವ್ಯತ್ಯಾಸ ಇದ್ದೇ ಇರುತ್ತದೆ, ಅದಕ್ಕೆ ಮುಜುಗರ ಬೇಡ.

ಈಗ ಟೈಲರ್ ಹತ್ತಿರ ಏನು ಹೇಳಬೇಕು ಅಂತ ನೋಡೋಣ. ‘ಒಳಗೆ ಕಪ್ ಹಾಕಿಕೊಡಿ’ ಅಂತ ಮಾತ್ರ ಹೇಳಿದರೆ ಎರಡು ಸ್ಪಂಜಿನ ತುಂಡು ತಂದು ಲೈನಿಂಗಿಗೆ ನಾಲ್ಕು ಹೊಲಿಗೆ ಹಾಕಿ ಕೊಡುತ್ತಾರೆ. ಅದು ನಿಪ್ಪಲ್ ಕಾಣದಂತೆ ಮುಚ್ಚುತ್ತದೆ, ಭಾರ ಹೊರುವುದಿಲ್ಲ. ಸ್ಯಾಟಿನ್ ಜೊತೆಗೆ ಅದೂ ಕೆಳಗೆ ಬರುತ್ತದೆ. ನಿಮಗೆ ಬೇಕಾದದ್ದು ಗೌನಿನ ಒಳಗೆ ಇನ್ನೊಂದು ಪದರ. ಮೈಯನ್ನು ಹಿಡಿಯುವುದು ಒಳಪದರ, ಹೊರಗಿನ ಸ್ಯಾಟಿನ್ ಅದರ ಮೇಲೆ ಹಗುರವಾಗಿ ಬೀಳಬೇಕು. ದುಬಾರಿ ಈವ್ನಿಂಗ್ ಗೌನುಗಳನ್ನು ಒಮ್ಮೆ ಒಳಹೊರಗು ತಿರುಗಿಸಿ ನೋಡಿ, ಒಳಗಿನ ಕೆಲಸ ಹೊರಗಿನದಕ್ಕಿಂತ ಜಾಸ್ತಿ ಇರುತ್ತದೆ.

ಒಳಪದರದ ಬುಡ ಸೊಂಟಪಟ್ಟಿ. ಸುಮಾರು ಒಂದು ಇಂಚು ಅಗಲದ, ಎಳೆದರೆ ಹಿಗ್ಗದ, ಅಡ್ಡಗೆರೆಯ ಗಟ್ಟಿ ರಿಬ್ಬನ್ ಬರುತ್ತದೆ. ಗ್ರೋಗ್ರೇನ್ ಅನ್ನುತ್ತಾರೆ. ಅದನ್ನು ನಿಮ್ಮ ಸೊಂಟದ ಅತಿ ಸಣ್ಣ ಭಾಗಕ್ಕೆ ಸರಿಯಾಗಿ ಕತ್ತರಿಸಿ, ಪಕ್ಕದ ಹೊಲಿಗೆ ಮತ್ತು ಡಾರ್ಟುಗಳ (ಬಟ್ಟೆ ಮೈಗೆ ಹೊಂದಲು ಹಾಕುವ ಮಡಿಕೆ ಹೊಲಿಗೆ) ಹತ್ತಿರ ಮಾತ್ರ ಒಳಗಿನಿಂದ ಹಿಡಿಸಿ, ತುದಿಗೆ ಹುಕ್ ಹಾಕಬೇಕು. ಗೌನು ತೊಡುವಾಗ ಮೊದಲು ಇದರ ಹುಕ್, ಆಮೇಲೆ ಜಿಪ್. ಗೌನಿನ ಭಾರ ಸೊಂಟದ ಮೇಲೆ ಕೂತುಬಿಡುತ್ತದೆ, ಭುಜದಿಂದ ನೇತಾಡುವುದಿಲ್ಲ. ಗೌನು ಮತ್ತೆ ಮತ್ತೆ ಮೇಲಕ್ಕೆ ಎಳೆದುಕೊಳ್ಳುವ ಕೆಲಸ ಇದೊಂದರಿಂದಲೇ ಎಷ್ಟೋ ಕಡಿಮೆಯಾಗುತ್ತದೆ. ನಿಮ್ಮ ಗೌನಿನ ಬೆನ್ನು ಸರಿಯಾಗಿ ಎಲ್ಲಿಗೆ ನಿಲ್ಲುತ್ತದೆ ಅನ್ನುವುದು ಇಲ್ಲಿ ಮುಖ್ಯ. ಸೊಂಟದ ಸಣ್ಣ ಭಾಗದಲ್ಲೇ ಅಥವಾ ಅದಕ್ಕಿಂತ ಮೇಲೆ ನಿಂತರೆ ಪಟ್ಟಿ ಒಳಗೆ ಅಡಗುತ್ತದೆ. ಅದಕ್ಕಿಂತ ಕೆಳಗೆ ಇಳಿದಿದ್ದರೆ ಪಟ್ಟಿಯನ್ನು ಹಿಂದೆ ಓರೆಯಾಗಿ ಇಳಿಸಬೇಕಾಗುತ್ತದೆ, ಹಿಡಿತ ಸ್ವಲ್ಪ ಕಡಿಮೆಯಾಗುತ್ತದೆ.

ಸೊಂಟಪಟ್ಟಿಯಿಂದ ಮೇಲಕ್ಕೆ ಎರಡೂ ಪಕ್ಕ ಪವರ್ ಮೆಶ್ ಎಂಬ ಬಿಗಿ ಜಾಲರಿ ಬಟ್ಟೆ. ಹಿಗ್ಗುತ್ತದೆ, ಆದರೆ ಜೋರಾಗಿ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಹೊಟ್ಟೆ, ಸೊಂಟ ಬಿಗಿಹಿಡಿಯುವ ಶೇಪ್‌ವೇರ್‌ನಲ್ಲಿ ಮತ್ತು ಬ್ರಾಗಳ ಹಿಂಭಾಗದಲ್ಲಿ ಇರುವುದು ಇದೇ. ಪಕ್ಕದ ಹೊಲಿಗೆಯ ಒಳಗೆ ಮತ್ತು ಕಪ್ಪಿನ ಕೆಳಗೆ ಬೋನ್, ಅಂದರೆ ಬಟ್ಟೆ ಕುಸಿಯದಂತೆ ಹಿಡಿಯುವ ತೆಳು ಕಡ್ಡಿ, ಹಾಕಿಸಿ. ಸುರುಳಿ ಸ್ಟೀಲಿನದು ಸಿಕ್ಕರೆ ಒಳ್ಳೆಯದು, ಮೈ ಬಾಗಿದ ಕಡೆಗೆ ಬಾಗುತ್ತದೆ. ಪ್ಲಾಸ್ಟಿಕ್ಕಿನದು ಅಗ್ಗ, ಆದರೆ ಮೈಯ ಬಿಸಿಗೆ ಒಂದು ಕಡೆ ಬಗ್ಗಿದರೆ ಹಾಗೆಯೇ ನಿಂತುಬಿಡಬಹುದು. ತುದಿಗೆ ಮೆತ್ತನೆಯ ಬಟ್ಟೆ ಸುತ್ತಿಸಲು ಮರೆಯಬೇಡಿ, ಇಲ್ಲವಾದರೆ ರಾತ್ರಿಯೆಲ್ಲ ಕಂಕುಳಿಗೆ ಚುಚ್ಚುತ್ತದೆ.

ಕಪ್ಪಿಗೆ ಹೊಸ ಸ್ಪಂಜು ಬೇಡ. ನಿಮ್ಮ ಸರಿಯಾದ ಅಳತೆಯ, ನಡುಭಾಗ ತಗ್ಗಾಗಿರುವ ವೈರ್ ಇರುವ ಪ್ಲಂಜ್ ಬ್ರಾ ಒಂದನ್ನು ಕೊಡಿ. ಟೈಲರ್ ಅದರ ಹಿಂದಿನ ಬ್ಯಾಂಡನ್ನು ಕತ್ತರಿಸಿ, ಪಕ್ಕದ ತುಂಡುಗಳನ್ನು ಪವರ್ ಮೆಶ್‌ಗೆ ಸೇರಿಸಿ ಹೊಲಿಯಬೇಕು. ಹೀಗೆ ಮಾಡಿದರೆ ವೈರ್ ಬೇಕಾದ ಜಾಗದಲ್ಲೇ ಇರುತ್ತದೆ. ಗೌನಿನ ವಿ ಆ ಬ್ರಾದ ನಡುಭಾಗಕ್ಕಿಂತಲೂ ಕೆಳಗೆ ಇಳಿದಿದ್ದರೆ, ನಡುವಿನ ತುಂಡನ್ನು ತೆಗೆದು ಚರ್ಮದ ಬಣ್ಣದ ತೆಳು ಬಲೆಬಟ್ಟೆ ಹಾಕಿಸಬಹುದು. ಹತ್ತಿರ ಬಂದು ನೋಡಿದವರಿಗೆ ಕಾಣುತ್ತದೆ, ದೂರಕ್ಕೆ ಕಾಣುವುದಿಲ್ಲ. ನನ್ನನ್ನು ಕೇಳಿದರೆ ವಿ ಕುತ್ತಿಗೆಯನ್ನೇ ಎರಡು ಬೆರಳಿನಷ್ಟು ಮೇಲಕ್ಕೆ ಹೊಲಿಸಿ ಅನ್ನುತ್ತೇನೆ. ಗೌನಿನ ಅಂದಕ್ಕೆ ಏನೂ ಕೊರತೆಯಾಗುವುದಿಲ್ಲ, ಹಿಡಿತ ಮಾತ್ರ ತುಂಬಾ ಚೆನ್ನಾಗಿರುತ್ತದೆ.

ಆ ದಾರದಂಥ ಪಟ್ಟಿಗಳನ್ನು ಬದಲಾಯಿಸಲೇಬೇಕು. ಅದೇ ಸ್ಯಾಟಿನ್‌ನಲ್ಲಿ, ಒಳಗೆ ಹಿಗ್ಗದ ಟೇಪ್ ಸೇರಿಸಿ, ಕಾಲು ಇಂಚಿನಷ್ಟಾದರೂ ಅಗಲ ಮಾಡಿಸಿ. ಮುಂದಿನ ತುದಿ ಬರೀ ಸ್ಯಾಟಿನ್ ಅಂಚಿಗಲ್ಲ, ಒಳಗಿನ ಕಪ್ಪಿನ ಮೇಲ್ತುದಿಗೆ ಸೇರಬೇಕು. ಹಿಂದೆ ಭುಜದ ಮೂಳೆಗಳ ನಡುವೆ ಒಂದು ಪಟ್ಟಿಯಿಂದ ಇನ್ನೊಂದಕ್ಕೆ ತೆಳು ಅಡ್ಡದಾರ ಹಾಕಲು ನಿಮ್ಮ ಒಪ್ಪಿಗೆ ಇದ್ದರೆ ಪಟ್ಟಿ ಭುಜದಿಂದ ಜಾರುವ ಕಾಟವೇ ಇರುವುದಿಲ್ಲ. ಅಡ್ಡದಾರ ಕಾಣುತ್ತದೆ, ನಿಜ. ಅದನ್ನು ಅಲಂಕಾರದಂತೆಯೇ ಮಾಡಿಸಬಹುದು. ಪಾರದರ್ಶಕ ಪ್ಲಾಸ್ಟಿಕ್ ಪಟ್ಟಿ ಮಾತ್ರ ಬೇಡವೇ ಬೇಡ. ಬೆಳಕು ಬಿದ್ದರೆ ಮಿಂಚುತ್ತದೆ, ಬೆವರಿಗೆ ಚರ್ಮಕ್ಕೆ ಅಂಟುತ್ತದೆ, ಹಳೆಯದಾದರೆ ಹಳದಿಯಾಗುತ್ತದೆ.

ಇಷ್ಟೆಲ್ಲ ಮಾಡಿಸಿದ ಮೇಲೂ ದಿನನಿತ್ಯದ ವೈರ್ ಬ್ರಾದಷ್ಟು ಎತ್ತರ ಬರುವುದಿಲ್ಲ. ಮೆತ್ತನೆಯ ಬ್ರಾ ಹಾಕಿದಾಗ ಇರುವಷ್ಟು ಬರುತ್ತದೆ. ಕನ್ನಡಿ ಮುಂದೆ ಅಷ್ಟನ್ನು ನಿರೀಕ್ಷಿಸಿ ನಿಲ್ಲಿ.

ಇನ್ನೂ ಸ್ವಲ್ಪ ಎತ್ತರ ಬೇಕು ಅನ್ನಿಸಿದರೆ ಟೇಪ್ ಇದೆ. ಎದೆಗೆ ಅಂಟಿಸಲು ಮಾರುವ ಬಟ್ಟೆಯ ಟೇಪ್ ಬಹುಪಾಲು ಆಟಗಾರರು ಮಂಡಿಗೆ, ಭುಜಕ್ಕೆ ಅಂಟಿಸಿಕೊಳ್ಳುವ ಟೇಪಿನ ಜಾತಿಯದೇ. ಅದನ್ನು 1970ರ ದಶಕದಲ್ಲಿ ರೂಪಿಸಿದ್ದು ಜಪಾನಿನ ಕೆಂಜೊ ಕಾಸೆ. ಹತ್ತಿಯ ಬಟ್ಟೆ, ಅದರೊಳಗೆ ಹಿಗ್ಗುವ ಎಳೆ, ಹಿಂದೆ ಅಕ್ರಿಲಿಕ್ ಅಂಟು. ಉದ್ದಕ್ಕೆ ಹಿಗ್ಗುತ್ತದೆ, ಅಗಲಕ್ಕೆ ಹಿಗ್ಗುವುದಿಲ್ಲ. ಬೆವರು ಆರಲು ಬಿಡುವುದರಿಂದ ಸಿಲಿಕಾನಿಗಿಂತ ಹೆಚ್ಚು ಹೊತ್ತು ನಿಲ್ಲುತ್ತದೆ. ಪಾರ್ಸೆಲ್ ಕಟ್ಟುವ ಟೇಪ್, ಪೈಪಿಗೆ ಸುತ್ತುವ ಟೇಪ್ ಅಂಟಿಸಿಕೊಳ್ಳುವ ಸಲಹೆಗಳು ಅಲ್ಲಲ್ಲಿ ಕಾಣುತ್ತವೆ. ದಯವಿಟ್ಟು ಬೇಡ, ತೆಗೆಯುವಾಗ ಚರ್ಮವೂ ಅದರ ಜೊತೆ ಬರುತ್ತದೆ.

ಅಗಲದ ಟೇಪ್ ತೆಗೆದುಕೊಳ್ಳಿ, ನಿಮ್ಮ ಅಳತೆಗೆ ಎರಡು ಇಂಚಿನದು ಕಿರಿದಾಯಿತು. ಮೂರು, ನಾಲ್ಕು ಇಂಚಿನದು ಸಿಗುತ್ತದೆ. ಮೊದಲು ನಿಪ್ಪಲ್ ಮೇಲೆ ಅಂಟಿಲ್ಲದ ಹತ್ತಿಯ ಪ್ಯಾಡ್ ಅಥವಾ ನಿಪ್ಪಲ್ ಕವರ್ ಇಡಬೇಕು, ಇದನ್ನು ಬಿಡುವ ಹಾಗೇ ಇಲ್ಲ. ಟೇಪಿನ ತುಂಡುಗಳನ್ನು ಮೊದಲೇ ಕತ್ತರಿಸಿ, ಮೂಲೆಗಳನ್ನು ದುಂಡಗೆ ಮಾಡಿ. ಚೂಪು ಮೂಲೆ ಬಟ್ಟೆಗೆ ತಾಗಿ ಬೇಗ ಏಳುತ್ತದೆ. ಒಂದು ತುದಿಯ ಎರಡು ಇಂಚನ್ನು ಸ್ತನದ ಕೆಳಗೆ ಎಳೆಯದೆ ಅಂಟಿಸಿ. ಒಂದು ಕೈಯಲ್ಲಿ ಸ್ತನವನ್ನು ಬೇಕಾದ ಎತ್ತರಕ್ಕೆ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಟೇಪನ್ನು ಮೇಲಕ್ಕೆ ತನ್ನಿ. ನಡುಭಾಗ ಮಾತ್ರ ಹಿಗ್ಗಲಿ, ಮೇಲಿನ ತುದಿಯ ಎರಡು ಇಂಚನ್ನು ಮತ್ತೆ ಎಳೆಯದೆ ಒತ್ತಿ. ತುದಿಗಳನ್ನು ಎಳೆದು ಅಂಟಿಸಿದರೆ ಅಲ್ಲೇ ಗುಳ್ಳೆ ಏಳುತ್ತದೆ. ಎತ್ತುವ ಕೆಲಸ ಕೈಯದು, ಎತ್ತಿದ್ದನ್ನು ಅಲ್ಲೇ ಹಿಡಿಯುವುದಷ್ಟೇ ಟೇಪಿನದು. ಟೇಪ್ ಎಳೆದೇ ಎತ್ತಲು ಹೋದವರಿಗೆ ಚರ್ಮ ಸುಕ್ಕಾಗಿ, ಅರ್ಧ ದಾರಿಯಲ್ಲಿ ಕಿತ್ತು ಬರುತ್ತದೆ.

ನಿಮ್ಮ ಗೌನಿನ ವಿ ಆಳವಾಗಿರುವುದರಿಂದ ಟೇಪ್ ನೇರವಾಗಿ ಭುಜದ ಕಡೆಗೆ, ಗೌನಿನ ಪಟ್ಟಿಯ ಕೆಳಗೇ ಹೋಗಬೇಕು. ಮೊದಲ ತುಂಡು ಒಳಗಡೆ, ಎರಡನೆಯದು ಅದನ್ನು ಸ್ವಲ್ಪ ಮುಚ್ಚುತ್ತಾ ನಡುವೆ, ಮೂರನೆಯದು ಕಂಕುಳ ಕಡೆಯ ತುಂಬು ಭಾಗವನ್ನು ಒಳಕ್ಕೆ ತರುವಂತೆ ಓರೆಯಾಗಿ. ಗೌನು ತೊಟ್ಟು ಕನ್ನಡಿಯಲ್ಲಿ ನೋಡಿ, ಟೇಪ್ ಇಣುಕುವ ಕಡೆ ಪೆನ್ಸಿಲ್ಲಿನಿಂದ ಗುರುತು ಹಾಕಿ ಕತ್ತರಿಸಿ. ಕೊನೆಗೆ ಅಂಗೈಯಿಂದ ಚೆನ್ನಾಗಿ ಉಜ್ಜಿ, ಬಿಸಿ ತಾಗಿದರೆ ಅಂಟು ಹಿಡಿಯುತ್ತದೆ.

ಆ ದಿನ ಎದೆಗೆ ಕ್ರೀಮು, ಪೌಡರು, ಎಣ್ಣೆ, ಸೆಂಟು ಯಾವುದೂ ಬೇಡ. ಸೋಪು ಹಾಕಿ ತೊಳೆದು ಪೂರ್ತಿ ಒಣಗಿಸಿ. ಕೂದಲು ತೆಗೆಯುವುದಿದ್ದರೆ ಎರಡು ದಿನ ಮುಂಚೆ. ಬಿಸಿಲಿಗೆ ಸುಟ್ಟ ಚರ್ಮ, ಗಾಯ, ಎಕ್ಸಿಮಾ ಇದ್ದರೆ, ಅಥವಾ ಮಗುವಿಗೆ ಹಾಲು ಕುಡಿಸುತ್ತಿದ್ದರೆ ಟೇಪಿನ ಯೋಚನೆ ಬಿಟ್ಟುಬಿಡಿ. ಒಂದು ಸಣ್ಣ ತುಂಡನ್ನು ಎದೆಯ ಪಕ್ಕದಲ್ಲಿ ಅಂಟಿಸಿ 24 ಗಂಟೆ ನೋಡುವುದನ್ನು ಕೆಲವು ವಾರ ಮುಂಚೆಯೇ ಮಾಡಿ. ಸ್ವಲ್ಪ ಕೆಂಪಾಗಿ ಗಂಟೆಯೊಳಗೆ ಮಾಯವಾದರೆ ಪರವಾಗಿಲ್ಲ. ತುರಿಕೆ, ಗುಳ್ಳೆ ಬಂದರೆ ಅದು ನಿಮಗಲ್ಲ.

ಬಟ್ಟೆಯನ್ನು ಚರ್ಮಕ್ಕೆ ಅಂಟಿಸುವ ಎರಡು ಬದಿಯ ಟೇಪ್ ಬೇರೆ. ಅದು ಭಾರ ಹೊರುವುದಿಲ್ಲ. ವಿ ಕುತ್ತಿಗೆಯ ಅಂಚು ಬಗ್ಗಿದಾಗ ತೆರೆದುಕೊಳ್ಳದಂತೆ, ಕಂಕುಳ ಕಡೆಯ ಬಟ್ಟೆ ಮೈ ಬಿಟ್ಟು ನಿಲ್ಲದಂತೆ ನೋಡಿಕೊಳ್ಳುತ್ತದೆ. ಒಂದಿಷ್ಟು ಪರ್ಸಿನಲ್ಲಿ ಇರಲಿ, ಜೊತೆಗೆ ನಾಲ್ಕು ಸೇಫ್ಟಿ ಪಿನ್ನು.

ಇನ್ನು ಸೊಂಟದ ಕೆಳಗಿನದು. ಸ್ಯಾಟಿನ್ ಮಹಾ ಚಾಡಿಕೋರ, ಒಳಗಿನ ಪ್ರತಿ ಗೆರೆಯನ್ನೂ ಹೊರಗೆ ಹೇಳುತ್ತದೆ. ಎಲಾಸ್ಟಿಕ್ ಹೊಲಿಗೆ ಇಲ್ಲದ, ಅಂಚು ಹಾಗೇ ಕತ್ತರಿಸಿ ಬಿಟ್ಟಿರುವ ಸೀಮ್‌ಲೆಸ್ ಪ್ಯಾಂಟಿ ಸಾಕು. ಹೊಟ್ಟೆಗೆ ಸ್ವಲ್ಪ ಹಿಡಿತ ಬೇಕು ಅನ್ನಿಸಿದರೆ ಶೇಪ್‌ವೇರ್ ತೆಗೆದುಕೊಳ್ಳಿ, ಆದರೆ ನಿಮ್ಮ ಅಳತೆಯದೇ. ಒಂದು ಅಳತೆ ಚಿಕ್ಕದು ಹಾಕಿದರೆ ತೆಳ್ಳಗೆ ಕಾಣುವುದಿಲ್ಲ, ಮೇಲೂ ಕೆಳಗೂ ಉಬ್ಬು ಬರುತ್ತದೆ, ಕೂತಾಗ ಸುರುಳಿ ಸುತ್ತಿಕೊಳ್ಳುತ್ತದೆ. ತುಂಬಾ ಬಿಗಿಯಾದರೆ ಎದೆಯುರಿ, ತೊಡೆಯ ಹೊರಭಾಗದಲ್ಲಿ ಜುಮ್ಮೆನ್ನುವುದು ಕೂಡ ಬರಬಹುದು. ನಿಮ್ಮ ಬೆನ್ನು ಸೊಂಟದ ತನಕ ಖಾಲಿ ಇರುವುದರಿಂದ ಎತ್ತರದ ಸೊಂಟದ್ದು ಕಂಡುಬಿಡುತ್ತದೆ, ತಗ್ಗಿನದೇ ಬೇಕು. ಎಡಗಡೆಯ ಸೀಳಿನ ತುದಿಗಿಂತ ಶೇಪ್‌ವೇರಿನ ಕಾಲಂಚು ಮೇಲಿರಲಿ. ನಿಂತು ನೋಡಿದರೆ ಸಾಲದು, ಕಾಲ ಮೇಲೆ ಕಾಲು ಹಾಕಿ ಕೂತು ನೋಡಿ. ಶೌಚಕ್ಕೆ ಹೋಗುವಾಗ ಏನು ಮಾಡುತ್ತೀರಿ ಅನ್ನುವುದನ್ನೂ ಮೊದಲೇ ಯೋಚಿಸಿ, ಅಲ್ವಾ? ಉದ್ದದ ಗೌನಿನಲ್ಲಿ ಅದೇ ದೊಡ್ಡ ಸಾಹಸ.

ಒಳಉಡುಪಿನ ಬಣ್ಣ ನಿಮ್ಮ ಚರ್ಮದ ಬಣ್ಣಕ್ಕೆ ಹತ್ತಿರದ್ದಿರಲಿ, ಗೌನಿನ ಬಣ್ಣದ್ದಲ್ಲ. ತಿಳಿ ಬಣ್ಣದ ಬಟ್ಟೆಯ ಒಳಗೆ ಬಿಳಿ ಎದ್ದು ಕಾಣುತ್ತದೆ. ‘ನ್ಯೂಡ್’ ಅಂತ ಬರೆದಿದ್ದರೆ ನಂಬಬೇಡಿ, ಅದು ಯಾರ ಚರ್ಮದ ಬಣ್ಣ ಅಂತ ಅವರಿಗೇ ಗೊತ್ತು. ಮುಂಗೈ ಒಳಭಾಗದ ಪಕ್ಕದಲ್ಲಿಟ್ಟು ನೋಡಿ ಕೊಳ್ಳಿ.

ಸಮಯದ ಲೆಕ್ಕಕ್ಕೆ ಬರೋಣ. ಒಂದೂವರೆ ತಿಂಗಳು ಸಾಕಷ್ಟಾಯಿತು, ಆದರೆ ಈ ವಾರವೇ ಟೈಲರ್ ಹತ್ತಿರ ಹೋಗಿ. ಫಿಟಿಂಗಿಗೆ ಹೋದಾಗಲೆಲ್ಲ ಆ ದಿನ ಹಾಕುವ ಪ್ಯಾಂಟಿ, ಶೇಪ್‌ವೇರ್, ಚಪ್ಪಲಿ ಎಲ್ಲ ಹಾಕಿಕೊಂಡೇ ಹೋಗಿ. ಕಪ್ ಎದೆಯನ್ನು ಒಂದು ಇಂಚು ಮೇಲೆತ್ತಿದರೆ ಮುಂದಿನ ಬಟ್ಟೆಯೂ ಮೇಲೆ ಬರುತ್ತದೆ. ಅದಕ್ಕೇ ಕೆಳಗಿನ ಅಂಚನ್ನು ಕಟ್ಟಕಡೆಗೆ ಮಡಿಸಬೇಕು. ಮುಟ್ಟಿನ ಮುಂಚಿನ ದಿನಗಳಲ್ಲಿ ಎದೆ ತುಂಬಿಕೊಳ್ಳುತ್ತದೆ, ಹಾಗಾಗಿ ಸಮಾರಂಭದ ದಿನ ಯಾವ ಸಮಯಕ್ಕೆ ಬೀಳುತ್ತದೆ ಅಂತಲೂ ಒಮ್ಮೆ ಲೆಕ್ಕ ಹಾಕಿ, ಟೈಲರ್‌ಗೆ ಹೇಳಿ.

ಹೊಲಿದು ಬಂದ ಮೇಲೆ ಮನೆಯಲ್ಲಿ ಎರಡು ಗಂಟೆ ಪೂರ್ತಿ ತೊಟ್ಟಿರಿ. ಮೆಟ್ಟಿಲು ಹತ್ತಿ ಇಳಿಯಿರಿ, ಕೈ ಮೇಲೆತ್ತಿ, ನೆಲದ ಮೇಲಿನ ಪೆನ್ನು ಎತ್ತಿಕೊಳ್ಳಿ, ಕುಣಿಯುವುದಿದ್ದರೆ ಕುಣಿಯಿರಿ. ಕತ್ತಲೆ ಕೋಣೆಯಲ್ಲಿ ಫ್ಲ್ಯಾಶ್ ಹಾಕಿ ಮುಂದೆ, ಹಿಂದೆ, ಎರಡೂ ಪಕ್ಕ ಫೋಟೊ ತೆಗೆಸಿ. ಕನ್ನಡಿಗೆ ಕಾಣದ ಗೆರೆ, ಮಿಂಚುವ ಟೇಪ್, ಪಾರದರ್ಶಕವಾಗುವ ಬಟ್ಟೆ ಎಲ್ಲ ಫ್ಲ್ಯಾಶಿಗೆ ಸಿಕ್ಕಿಬೀಳುತ್ತವೆ.

ಟೇಪ್ ಹಾಕಿದ್ದರೆ ರಾತ್ರಿ ಸುಸ್ತಾಗಿ ಬಂದು ಸುಮ್ನೆ ಎಳೆದು ಕೀಳಬೇಡಿ. ಎಣ್ಣೆ ಹಚ್ಚಿ ಹತ್ತು ನಿಮಿಷ ಬಿಡಿ. ಒಂದು ಕೈಯಲ್ಲಿ ಚರ್ಮ ಒತ್ತಿ ಹಿಡಿದು, ಟೇಪನ್ನು ಅದರ ಮೇಲೇ ಮಡಚುತ್ತಾ ಚರ್ಮಕ್ಕೆ ಸಮವಾಗಿ ನಿಧಾನ ಬಿಡಿಸಿ. ಬಿಡದಿದ್ದ ಕಡೆ ಮತ್ತೆ ಎಣ್ಣೆ.

ಟೈಲರ್ ನೋಡಿ ‘ಇದರಲ್ಲಿ ಆಗುವುದಿಲ್ಲ’ ಅನ್ನಬಹುದು. ಪಕ್ಕದ ಹೊಲಿಗೆಯಲ್ಲಿ ಬಿಡಿಸಲು ಬಟ್ಟೆಯೇ ಇಲ್ಲದಿದ್ದರೆ, ಅಥವಾ ಪಕ್ಕದಲ್ಲೂ ತೆರೆದು ಎದೆಯ ಬದಿ ಕಾಣುವಂತಿದ್ದರೆ ಅವರ ಮಾತು ಸರಿ. ಸ್ಯಾಟಿನ್ ನೇಯ್ಗೆಯ ಎಳೆಗಳಿಗೆ ಓರೆಯಾಗಿ ಕತ್ತರಿಸಿದ್ದಾಗಿದ್ದರೂ ಕಷ್ಟವೇ, ಅದು ಮೈಗೆ ಅಂಟಿ ಜೋತುಬೀಳುವುದರಿಂದ ಒಳಪದರದ ಗೆರೆಯೆಲ್ಲ ಹೊರಗೆ ಕಾಣುತ್ತದೆ. ಆಗ ಗಡುವಿನೊಳಗೆ ವಾಪಸ್ ಮಾಡಿ. ಮುಂದಿನದನ್ನು ಆರಿಸುವಾಗ ಬೆನ್ನು ಬ್ರಾ ಹುಕ್ಕಿನ ಜಾಗಕ್ಕಿಂತ ಎರಡು ಬೆರಳು ಕೆಳಗಿದ್ದರೂ ಪರವಾಗಿಲ್ಲ, ಬ್ಯಾಂಡನ್ನು ಸೊಂಟದ ಕಡೆಗೆ ಇಳಿಸಿ ಕಟ್ಟುವ ಜೋಡಣೆ ಪಟ್ಟಿ ಸಿಗುತ್ತದೆ, ಅದು ನಿಮ್ಮ ದಿನದ ಬ್ರಾಗೇ ಹೊಂದುತ್ತದೆ. ಬಟ್ಟೆ ಸ್ಯಾಟಿನ್‌ಗಿಂತ ದಪ್ಪದ ಕ್ರೇಪ್ ಆಗಿರಲಿ. ಮುಂದೆ ಆಳ ಬೇಕೋ ಹಿಂದೆ ಆಳ ಬೇಕೋ ಒಂದನ್ನು ಆರಿಸಿಕೊಂಡರೆ ನಿಮ್ಮ ಅಳತೆಗೆ ಟೈಲರ್ ಇಲ್ಲದೆಯೂ ಬೇಕಾದಷ್ಟು ಗೌನುಗಳು ಸಿಗುತ್ತವೆ.